ಸೋತ ಕೆಲಸದ ಲೆಕ್ಕ ಬರೆದಿಡುವ ಕ್ರಮ

2014ರ ಯುಗಾದಿ ಕಳೆದ ಮೇಲೆ ದಾವಣಗೆರೆಯಲ್ಲಿ ನಾನು ಮತ್ತು ನನ್ನ ಸೋದರಮಾವ ಸೇರಿ ಒಂದು ಖಾನಾವಳಿಯನ್ನು ತೆರೆದೆವು. ಮರುವರ್ಷದ ಶ್ರಾವಣ ಮುಗಿಯುವ ಮೊದಲೇ ಅದಕ್ಕೆ ಬೀಗ ಹಾಕಿದೆವು. ಕಟ್ಟಡದ ಮಾಲೀಕರು ಮುಂಗಡದ ಹಣದಲ್ಲಿ ಬಾಕಿ ಬಾಡಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕೈಗಿತ್ತರು, ದೊಡ್ಡ ಪಾತ್ರೆಗಳು ತೂಕದ ಲೆಕ್ಕದಲ್ಲಿ ಮಾರಾಟವಾದವು, ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರಿಗೆ ಕೊನೆಯ ತಿಂಗಳ ಸಂಬಳವನ್ನು ಅವ್ವನ ಬಳಿ ಸಾಲ ಪಡೆದು ಕೊಟ್ಟೆವು. ಆಮೇಲೆ ಸುಮಾರು ಒಂದು ವರ್ಷ, ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಎದುರಿಗೆ ಹೊಸ ಹೋಟೆಲು ಬಂತು, ಅದಕ್ಕೇ ಮುಳುಗಿದೆವು. ಅದನ್ನು ನಾನು ಮನಸಾರೆ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದ ದಿನದಿಂದ ಮನಸ್ಸು ಹಗುರಾಗತೊಡಗಿತು, ಮತ್ತೆ ಒಲೆ ಹೊತ್ತಿಸುವ ಆಸೆಯೂ ಹುಟ್ಟಿತು. ಅದು ಹೇಗಾಯಿತು, ನಿಮ್ಮ ಸೋಲಿನ ವಿಷಯದಲ್ಲಿ ನೀವು ಅದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಪರೀಕ್ಷೆಯಲ್ಲಿ ನಪಾಸಾದವರಿಗೂ ಅಂಗಡಿ ಮುಚ್ಚಿದವರಿಗೂ ಕೆಲಸ ಕಳೆದುಕೊಂಡವರಿಗೂ ಈ ಕ್ರಮ ಹೆಚ್ಚು ಕಡಿಮೆ ಒಂದೇ.

ಸೋಲು ತಾನಾಗಿ ಕಲಿಸುವುದಿಲ್ಲ

ಸೋಲೇ ಗೆಲುವಿನ ಸೋಪಾನ ಎಂದು ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತದೆ. ಆ ಮಾತಿನಿಂದ ಎಷ್ಟೋ ಮಕ್ಕಳಿಗೆ ಧೈರ್ಯ ಸಿಕ್ಕಿರಬಹುದು, ಆದರೆ ಸೋತ ಮಾತ್ರಕ್ಕೆ ಮೆಟ್ಟಿಲು ಕಟ್ಟಿಕೊಳ್ಳುವುದಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಅಯೆಲೆಟ್ ಫಿಶ್‌ಬಾಕ್ ಎಂಬ ಇಬ್ಬರು ಸಂಶೋಧಕಿಯರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸರಳವಾಗಿ ತೋರಿಸಿತು. ಎರಡೇ ಆಯ್ಕೆಗಳಿದ್ದ ಪ್ರಶ್ನೆಗಳನ್ನು ಜನರಿಗೆ ಕೊಟ್ಟು, ಕೆಲವರಿಗೆ ಅವರು ಸರಿಯಾಗಿ ಉತ್ತರಿಸಿದ್ದನ್ನೂ ಇನ್ನು ಕೆಲವರಿಗೆ ತಪ್ಪಾಗಿ ಉತ್ತರಿಸಿದ್ದನ್ನೂ ತಿಳಿಸಲಾಯಿತು. ಇದ್ದದ್ದು ಎರಡೇ ಆಯ್ಕೆಯಾದ್ದರಿಂದ, ಒಂದು ತಪ್ಪೆಂದು ಗೊತ್ತಾದವರಿಗೆ ಸರಿಯುತ್ತರ ಯಾವುದೆಂಬುದೂ ಅಷ್ಟೇ ಖಚಿತವಾಗಿ ಗೊತ್ತಾದಂತೆ. ಆದರೂ ಮುಂದಿನ ಸುತ್ತಿನಲ್ಲಿ ತಪ್ಪಿನ ಸುದ್ದಿ ಕೇಳಿದವರು ಕಡಿಮೆ ಕಲಿತಿದ್ದರು. ಅದೇ ತಪ್ಪು ಬೇರೆಯವರದಾಗಿದ್ದಾಗ ಜನ ಚೆನ್ನಾಗಿಯೇ ಕಲಿತರು. ಅಂದರೆ ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ಅಭಿಮಾನಕ್ಕೆ ಪೆಟ್ಟು ಬಿದ್ದಾಗ ಮನಸ್ಸು ಆ ಕಡೆಗೆ ನೋಡುವುದನ್ನೇ ಬಿಟ್ಟುಬಿಟ್ಟಿತ್ತು.

ನಾನು ಒಂದು ವರ್ಷ ಎದುರಿನ ಹೋಟೆಲನ್ನು ಬೈಯುತ್ತ ಕುಳಿತದ್ದು ಇದಕ್ಕೆ ಸರಿಯಾದ ನಿದರ್ಶನ. ನಮ್ಮ ದಿನಸಿಯ ಚೀಟಿಗಳು, ಉದ್ರಿ ಪುಸ್ತಕ, ದಿನದ ಗಲ್ಲೆಯ ಲೆಕ್ಕ ಎಲ್ಲವೂ ಅಟ್ಟದ ಮೇಲೆ ಒಂದು ಗೋಣಿಚೀಲದಲ್ಲಿದ್ದವು, ನಾನು ಅದನ್ನು ಮುಟ್ಟಿರಲಿಲ್ಲ. ಆದ್ದರಿಂದ ಮುಂದೆ ಹೇಳುವುದರ ಗುರಿ ಒಂದೇ: ನಿಮ್ಮ ಸೋಲನ್ನು ಪಕ್ಕದ ಮನೆಯವರ ಸೋಲನ್ನು ನೋಡುವಷ್ಟು ನಿರಾಳವಾಗಿ ನೋಡುವ ಸ್ಥಿತಿಗೆ ಬರುವುದು.

ಮೊದಲ ಹದಿನೈದು ದಿನ

ಈ ಅವಧಿಯಲ್ಲಿ ಕಾರಣ ಹುಡುಕಬೇಡಿ, ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ಊರು ಬಿಡುವುದು, ಓದು ಬಿಡುವುದು, ಇದ್ದ ಹೊಲ ಮಾರುವುದು, ಯಾರೊಡನೆಯೋ ಸಂಬಂಧ ಕಡಿದುಕೊಳ್ಳುವುದು ಇವೆಲ್ಲ ಸೋತ ವಾರದಲ್ಲಿ ತುಂಬ ಸಹಜವಾಗಿ ತೋರುವ ಯೋಚನೆಗಳು. ಅವನ್ನು ಒಂದು ಹಾಳೆಯಲ್ಲಿ ಬರೆದು ತಿಂಗಳ ನಂತರದ ದಿನಾಂಕ ಹಾಕಿಡಿ, ಆ ದಿನವೂ ಅವು ಸರಿಯೆನಿಸಿದರೆ ಆಗ ನೋಡೋಣ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಲಗುವುದು, ಕೊಡಬೇಕಾದ ಸಣ್ಣ ಬಾಕಿಗಳನ್ನು ತೀರಿಸುವುದು, ತೀರಿಸಲಾಗದ್ದಕ್ಕೆ ಗಡುವು ಕೇಳುವುದು ಇಷ್ಟೇ ಈ ದಿನಗಳ ಕೆಲಸ. ಸಾಲ ಕೊಟ್ಟವರಿಗೆ ಮುಖ ತಪ್ಪಿಸಿ ಓಡಾಡುವುದು ಸೋಲಿಗಿಂತ ಹೆಚ್ಚು ಸುಸ್ತು ಮಾಡುತ್ತದೆ ಎಂಬುದನ್ನು ನಾನು ಅನುಭವದಿಂದ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಉಳಿಯದಿದ್ದರೆ, ಬದುಕಿರುವುದೇ ಬೇಡವೆಂಬ ಯೋಚನೆ ಬಂದರೆ, ಅದು ಈ ಬಗೆಯ ಬರಹದಿಂದ ಪರಿಹಾರವಾಗುವ ಸಂಗತಿಯಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲೂ ರಾತ್ರಿಯೂ ಉತ್ತರಿಸುತ್ತಾರೆ, ಕನ್ನಡದಲ್ಲಿಯೇ ಮಾತನಾಡಬಹುದು. ಇಡೀ ದೇಶದ ಈ ಸೇವೆಗೆ ಮಾರ್ಗದರ್ಶನ ಮಾಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್. ಪರೀಕ್ಷೆಯ ಫಲಿತಾಂಶ ಬರುವ ವಾರ ಈ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ತಂದೆ ತಾಯಂದಿರು ಮಾಡಬಹುದಾದ ಒಳ್ಳೆಯ ಕೆಲಸ.

ನಾಲ್ಕು ದಿನದ ಬರವಣಿಗೆ

ಹದಿನೈದು ದಿನ ಕಳೆದ ಮೇಲೆ, ಲೆಕ್ಕಕ್ಕೆ ಕೈ ಹಾಕುವ ಮೊದಲು, ಎದೆಯಲ್ಲಿರುವುದನ್ನು ಹೊರಗೆ ಹಾಕಬೇಕು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ತಮ್ಮ ಸಹೋದ್ಯೋಗಿಯೊಡನೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರಿಗೆ ಬೇಸರವೇ ಹೆಚ್ಚಾಯಿತು. ಆದರೆ ನಡೆದದ್ದನ್ನೂ ಅದರಿಂದಾದ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ನೀವೂ ಹಾಗೆಯೇ ಬರೆಯಿರಿ. ಕಾಗುಣಿತ, ವ್ಯಾಕರಣ ಯಾವುದನ್ನೂ ನೋಡಬೇಡಿ, ಮನೆಮಾತಿನಲ್ಲಿಯೇ ಬರೆಯಿರಿ, ಯಾರಿಗೂ ತೋರಿಸಬೇಡಿ. ಬೇಕಿದ್ದರೆ ಐದನೆಯ ದಿನ ಹರಿದು ಒಲೆಗೆ ಹಾಕಿ. ಮೊದಲ ದಿನ ಬೇಸರ ಹೆಚ್ಚಾಯಿತೆಂದು ನಿಲ್ಲಿಸಬೇಡಿ.

ಈ ಬರವಣಿಗೆಯಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. "ನಾನು ಸೋತೆ" ಎನ್ನುವಾಗ ಸೋಲುವುದು ಒಂದು ಕ್ರಿಯೆ, ಅದಕ್ಕೆ ಒಂದು ದಿನವಿದೆ, ಅದು ಮುಗಿದಿದೆ. "ನಾನು ಸೋತವನು" ಎಂದೊಡನೆ ಅದು ಹೆಸರಾಗಿಬಿಡುತ್ತದೆ, ಹೆಸರಿಗೆ ದಿನಾಂಕವಿರುವುದಿಲ್ಲ. ಎರಡನೆಯ ರೂಪ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅದನ್ನು ಹೊಡೆದು ಮೊದಲನೆಯದನ್ನು ಬರೆಯಿರಿ.

ದಾಖಲೆ ಮುಂದಿಟ್ಟುಕೊಳ್ಳುವುದು

ನೆನಪು ವಕೀಲನಂತೆ, ಯಾರ ಪರವಾಗಿ ನಿಂತಿದೆಯೋ ಅವರಿಗೆ ಬೇಕಾದದ್ದನ್ನಷ್ಟೇ ಹೇಳುತ್ತದೆ. ಆದ್ದರಿಂದ ಬರೆದಿಟ್ಟದ್ದು ಏನೇನಿದೆಯೋ ಅದನ್ನೆಲ್ಲ ಮೊದಲು ಒಟ್ಟು ಮಾಡಿ. ವ್ಯಾಪಾರವಾದರೆ ಖಾತೆ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಚೀಟಿಗಳು. ಕೃಷಿಯಾದರೆ ಬೀಜ ಗೊಬ್ಬರದ ರಸೀದಿ ಮತ್ತು ಎಪಿಎಂಸಿಯ ಪಟ್ಟಿ. ಕೆಲಸದ ಸಂದರ್ಶನವಾದರೆ ಕೇಳಿದ ಪ್ರಶ್ನೆಗಳನ್ನು ಅದೇ ದಿನ ಬರೆದಿಟ್ಟ ಹಾಳೆ.

ಪರೀಕ್ಷೆ ಬರೆದವರಿಗೆ ಈ ಹಂತ ಇನ್ನೂ ಸುಲಭ, ಆದರೆ ಅವರೇ ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ನಿಗದಿತ ಶುಲ್ಕ ಕಟ್ಟಿ ತಮ್ಮ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಪಡೆಯಬಹುದು. ಬಹಳ ಮಂದಿ ಅದನ್ನು ಮರುಮೌಲ್ಯಮಾಪನಕ್ಕೆ ಹಾಕಬೇಕೇ ಬೇಡವೇ ಎಂದು ತೀರ್ಮಾನಿಸಲಷ್ಟೇ ತರಿಸಿಕೊಳ್ಳುತ್ತಾರೆ. ಅಂಕ ಹೆಚ್ಚಾಗಲಿ ಬಿಡಲಿ, ಆ ಪ್ರತಿಯನ್ನು ಮುಂದಿಟ್ಟುಕೊಂಡು ಪ್ರತಿ ಪ್ರಶ್ನೆಯ ಎದುರಿಗೂ ಒಂದು ಮಾತು ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿದ್ದೂ ಬರೆಯಲಾಗಲಿಲ್ಲ, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. "ಭೌತಶಾಸ್ತ್ರ ನನಗೆ ಬರುವುದಿಲ್ಲ" ಎಂದು ಅಳುತ್ತಿದ್ದ ಸಂಬಂಧಿಕರ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ನಾವು ಹೀಗೆ ಮಾಡಿದಾಗ, ಹೋದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಯ ನಾಲ್ಕು ಪುಟಗಳಲ್ಲಿಯೇ ಹೋಗಿದ್ದವು. ಅವಳಿಗೆ ಬಾರದೆ ಇದ್ದದ್ದು ಭೌತಶಾಸ್ತ್ರವಲ್ಲ, ಗಡಿಯಾರ ನೋಡಿಕೊಂಡು ಬರೆಯುವುದು. 2024ರಲ್ಲಿ ನಮ್ಮಲ್ಲಿ ಪೂರಕ ಪರೀಕ್ಷೆಯ ಬದಲು ಪರೀಕ್ಷೆ 1, 2, 3 ಎಂಬ ವ್ಯವಸ್ಥೆ ಬಂತು, ಪಡೆದ ಉತ್ತಮ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶ ಸಿಕ್ಕಿತು. ಅಷ್ಟರ ಮಟ್ಟಿಗೆ ವ್ಯವಸ್ಥೆಯೇ ಎರಡನೆಯ ಪ್ರಯತ್ನವನ್ನು ಸಹಜವೆಂದು ಒಪ್ಪಿದೆ.

ತಪ್ಪು ಶುರುವಾದ ಜಾಗ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಚಂದ್ರಯಾನದಿಂದ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವಾಗ, ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು ಎಂದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಇಸ್ರೊ ಪ್ರಕಟಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರ ಬೇರೊಂದು ಎತ್ತರವನ್ನು ತೋರಿಸಿತು. 30 ಕಿಲೋಮೀಟರಿನಿಂದ 7.4 ಕಿಲೋಮೀಟರಿನವರೆಗಿನ ಮೊದಲ ಹಂತ ಯೋಜನೆಯಂತೆಯೇ ನಡೆದು ವೇಗ ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಇಳಿದಿತ್ತು. ಎರಡನೆಯ ಹಂತದಲ್ಲಿ ವೇಗ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಕುಗ್ಗಿತು. ಆದ್ದರಿಂದ ಮುಂದಿನ ಹಂತಕ್ಕೆ ಕಾಲಿಡುವಾಗಲೇ ನೌಕೆ ತನಗೆ ನಿಗದಿಯಾದ ಮಿತಿಯಿಂದ ಹೊರಗಿತ್ತು. ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲವನ್ನು ಕೊಟ್ಟವು, ಆ ವ್ಯತ್ಯಾಸ ಸ್ವಲ್ಪ ಸ್ವಲ್ಪವಾಗಿ ಕೂಡುತ್ತಾ ಹೋಯಿತು, ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಗಿ ಬಂದಾಗ ಅಷ್ಟು ಬೇಗ ತಿರುಗುವ ಶಕ್ತಿ ಅದಕ್ಕಿರಲಿಲ್ಲ, ಜೊತೆಗೆ ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದ 500 ಮೀಟರ್ ಅಗಲದ್ದಷ್ಟೇ. ಲೋಕಕ್ಕೆ ಕಂಡ ಸೋಲು ಕೆಳಗೆ, ಅದರ ಬೀಜ ಮೇಲೆ. ಆ ಬೀಜವೂ ಕೊರತೆಯದಾಗಿರಲಿಲ್ಲ, ಹೆಚ್ಚಳದ್ದಾಗಿತ್ತು.

ಈ ವಿವರವನ್ನು ಓದಿದಾಗ ನಮ್ಮ ಗೋಣಿಚೀಲದ ಲೆಕ್ಕ ನನಗೆ ಇನ್ನಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಚೀಟಿಗಳನ್ನು ತಿಂಗಳವಾರು ಜೋಡಿಸಿದಾಗ, ಎದುರಿನ ಹೋಟೆಲು ಬಾಗಿಲು ತೆರೆಯುವ ನಾಲ್ಕು ತಿಂಗಳ ಮೊದಲೇ, 2014ರ ನವೆಂಬರ್‌ನಿಂದಲೇ, ನಮ್ಮ ಕೈಯಿಂದ ಹಣ ಹೋಗುತ್ತಿದ್ದುದು ಕಂಡಿತ್ತು. ಆ ತಿಂಗಳು ಏನಾಗಿತ್ತು? ತಿಂಗಳ ಊಟದವರ ಸಂಖ್ಯೆ 30ರಿಂದ 70ಕ್ಕೆ ಏರಿತ್ತು. ಪಂಕ್ತಿ ತುಂಬಿತೆಂದು ನಾವು ಸಿಹಿ ಹಂಚಿದ್ದೆವು. ಆದರೆ ಒಂದು ಊಟಕ್ಕೆ ನಮಗೆ ಬೀಳುವ ಖರ್ಚೆಷ್ಟು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಹಳೆಯ ದರಕ್ಕೇ ಹೊಸಬರನ್ನು ಸೇರಿಸಿಕೊಂಡು, ರೊಟ್ಟಿ ಬಡಿಯಲು ಇನ್ನೊಬ್ಬರನ್ನು ಇಟ್ಟುಕೊಂಡು, ಬಂದ ಪ್ರತಿಯೊಬ್ಬ ಗಿರಾಕಿಯ ಜೊತೆಗೂ ನಷ್ಟವನ್ನೂ ಬಡಿಸುತ್ತಿದ್ದೆವು. ನಾವು ಗೆದ್ದೆವೆಂದು ಹಬ್ಬ ಮಾಡಿದ ವಾರವೇ ಸೋಲು ಒಳಗೆ ಬಂದಿತ್ತು. ಹೊಸ ಹೋಟೆಲು ಬಾರದೆ ಇದ್ದಿದ್ದರೆ ಇನ್ನೂ ಆರು ತಿಂಗಳು ಎಳೆಯುತ್ತಿದ್ದೆವು, ಅಷ್ಟೆ.

ನೀವು ಮಾಡಬೇಕಾದದ್ದು ಇದು: ಎಲ್ಲವೂ ನಿಂತ ದಿನದಿಂದ ಹಿಂದಕ್ಕೆ ನಡೆಯುತ್ತಾ, ಕೊನೆಯದಾಗಿ ಎಲ್ಲವೂ ಸರಿಯಿದ್ದ ದಿನ ಯಾವುದೆಂದು ದಾಖಲೆಯಲ್ಲಿ ಹುಡುಕಿ, ಅದರ ಮಾರನೆಯ ದಿನಕ್ಕೆ ಗುರುತು ಹಾಕಿ. ಆ ಗುರುತಿನ ಆಚೀಚೆ ಏನೇನು ಬದಲಾಯಿತೋ ಅದನ್ನಷ್ಟು ಬರೆಯಿರಿ. ಬರೆಯುವಾಗ ಪ್ರತಿ ವಾಕ್ಯದಲ್ಲಿಯೂ ಒಂದು ಕ್ರಿಯಾಪದವೂ ಒಂದು ಕಾಲವೂ ಇರಲಿ. "ನನಗೆ ವ್ಯಾಪಾರದ ಬುದ್ಧಿಯಿಲ್ಲ" ಎಂಬ ವಾಕ್ಯದಿಂದ ಏನನ್ನೂ ಮಾಡಲಾಗುವುದಿಲ್ಲ. "ನವೆಂಬರ್‌ನಲ್ಲಿ ದರ ಏರಿಸದೆ ನಲವತ್ತು ಜನರನ್ನು ಸೇರಿಸಿಕೊಂಡೆ" ಎಂಬ ವಾಕ್ಯವನ್ನು ಮುಂದಿನ ಸಲ ಬೇರೆಯಾಗಿ ಬರೆಯಬಹುದು.

ಹೊಣೆಯ ಹಂಚಿಕೆಯೂ ಇಲ್ಲಿಯೇ ಆಗಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಸೋತವರ ಮೇಲೆ ಎಸೆಯುವುದು ನಮ್ಮಲ್ಲಿ ವಾಡಿಕೆ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ: ಮಳೆ ಕೈಕೊಟ್ಟಿರುತ್ತದೆ, ನೇಮಕಾತಿಯ ಅಧಿಸೂಚನೆ ವರ್ಷಗಟ್ಟಲೆ ಬಂದಿರುವುದಿಲ್ಲ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುತ್ತಾರೆ. ಎಲ್ಲ ತಪ್ಪನ್ನೂ ತಮ್ಮ ಮೇಲೆಯೇ ಹಾಕಿಕೊಳ್ಳುವವರನ್ನು ಜನ ವಿನಯಶೀಲರೆನ್ನುತ್ತಾರೆ, ಆದರೆ ಅವರ ಲೆಕ್ಕವೂ ಸುಳ್ಳು ಲೆಕ್ಕವೇ, ಅದರಿಂದ ಮುಂದಿನ ಕೆಲಸಕ್ಕೆ ಉಪಯೋಗವಿಲ್ಲ. ನನ್ನಿಂದ ಆದದ್ದು, ಬೇರೆಯವರಿಂದ ಆದದ್ದು, ಯಾರ ಕೈಯಲ್ಲೂ ಇರದಿದ್ದದ್ದು ಎಂದು ಮೂರು ಸಾಲು ಮಾಡಿ, ಮೊದಲನೆಯ ಸಾಲಿನ ಮೇಲೆ ಮಾತ್ರ ಕೆಲಸ ಮಾಡಿ.

ಉಳಿದದ್ದೇನು

ಚಂದ್ರಯಾನ-2 ಸೋತಿತು ಎನ್ನುವುದು ಪೂರ್ಣ ನಿಜವಲ್ಲ. ಲ್ಯಾಂಡರ್ ಹೋಯಿತು, ಆದರೆ ಎಂಟು ಉಪಕರಣಗಳನ್ನು ಹೊತ್ತ ಆರ್ಬಿಟರ್ ಚಂದ್ರನ ಸುತ್ತ ತಿರುಗುತ್ತಲೇ ಇತ್ತು. ಅದು ತೆಗೆದ ಚಿತ್ರಗಳೇ ಚಂದ್ರಯಾನ-3 ಇಳಿಯುವ ಜಾಗವನ್ನು ಆರಿಸಲು ಸಹಾಯ ಮಾಡಿದವು, ಹೊಸ ಲ್ಯಾಂಡರ್‌ನ ಸಂದೇಶಗಳನ್ನು ಭೂಮಿಗೆ ದಾಟಿಸಲೂ ಅದನ್ನೇ ಬಳಸಲಾಯಿತು. ನಿಮ್ಮ ಸೋಲಿನಲ್ಲಿಯೂ ಹೀಗೆ ಇನ್ನೂ ತಿರುಗುತ್ತಿರುವುದು ಏನಾದರೂ ಇರುತ್ತದೆ, ದುಃಖದಲ್ಲಿ ಅದು ಕಾಣುವುದಿಲ್ಲ. ನಮಗೆ ಉಳಿದದ್ದು ಆ ಇಬ್ಬರು ಹೆಂಗಸರ ಕೈಯ ರೊಟ್ಟಿ, ಒಳ್ಳೆಯ ಬಿಳಿಜೋಳ ಎಲ್ಲಿ ಸಿಗುತ್ತದೆಂಬ ತಿಳಿವಳಿಕೆ, ಮತ್ತು ಕೊನೆಯ ಸಂಬಳವನ್ನು ತಪ್ಪದೆ ಕೊಟ್ಟದ್ದರಿಂದ ಕರೆದರೆ ಅವರು ಮತ್ತೆ ಬರುತ್ತಾರೆಂಬ ಭರವಸೆ. ನಾಲ್ಕು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿ ಆಯ್ಕೆಯಾಗದವರ ಬಳಿ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರದ ಹಿಡಿತವಿರುತ್ತದೆ, ದಿನಕ್ಕೆ ಎಂಟು ಗಂಟೆ ಕೂರುವ ಅಭ್ಯಾಸವಿರುತ್ತದೆ. ಇವನ್ನು ಪಟ್ಟಿ ಮಾಡುವುದು ಸಮಾಧಾನಕ್ಕಲ್ಲ. ಮುಂದಿನ ಪ್ರಯತ್ನದ ಬಂಡವಾಳವೇ ಅದು.

ಮುಂದಿನ ಪ್ರಯತ್ನವನ್ನು ಸೋಲಿನಿಂದಲೇ ರೂಪಿಸುವುದು

ಚಂದ್ರಯಾನ-2ರಲ್ಲಿ ಯಶಸ್ಸನ್ನು ಮುಂದಿಟ್ಟುಕೊಂಡು ವಿನ್ಯಾಸ ಮಾಡಿದ್ದೆವು, ಈ ಸಲ ವೈಫಲ್ಯವನ್ನು ಮುಂದಿಟ್ಟುಕೊಂಡು ಮಾಡಿದ್ದೇವೆ ಎಂಬ ಅರ್ಥದ ಮಾತನ್ನು ಸೋಮನಾಥ್ ಹೇಳಿದ್ದರು. ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂದು ಕೇಳುತ್ತಾ ಹೋದ ತಂಡ ಲ್ಯಾಂಡರ್‌ನ ಕಾಲುಗಳನ್ನು ಗಟ್ಟಿ ಮಾಡಿತು, ಇಂಧನ ಹೆಚ್ಚಿಸಿತು, ಐದು ಎಂಜಿನ್‌ಗಳನ್ನು ನಾಲ್ಕಕ್ಕೆ ಇಳಿಸಿತು, ವೇಗ ಅಳೆಯಲು ಲೇಸರ್ ಉಪಕರಣವೊಂದನ್ನು ಸೇರಿಸಿತು, ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿತು. ಹೆಲಿಕಾಪ್ಟರ್‌ಗೆ ಕಟ್ಟಿ ಸಂವೇದಕಗಳನ್ನು ಪರೀಕ್ಷಿಸಿದರು, ಕ್ರೇನಿಗೆ ತೂಗುಹಾಕಿ ಎಂಜಿನ್ ಉರಿಸಿ ನೋಡಿದರು. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟಿದ ಮೇಲೆ ನೌಕೆ ಚಂದ್ರನ ಮೇಲೆ ನಿಂತಿತು.

ಇದರಿಂದ ನಾವು ಎತ್ತಿಕೊಳ್ಳಬೇಕಾದದ್ದು ಇಳಿಯುವ ಜಾಗವನ್ನು ದೊಡ್ಡದು ಮಾಡುವ ಉಪಾಯವನ್ನು. ಸೋತವರು ಎರಡನೆಯ ಸಲ ಇನ್ನೂ ಕಠಿಣವಾದ ಗುರಿ ಇಟ್ಟುಕೊಂಡು ಲೋಕಕ್ಕೆ ಉತ್ತರ ಕೊಡಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಸೋಲುಗಳಲ್ಲಿ ಹೆಚ್ಚಿನವು ಈ ಹಟದಿಂದ ಆದವು. ದಿನಕ್ಕೆ ಹದಿನಾಲ್ಕು ಗಂಟೆ ಓದುವ ವೇಳಾಪಟ್ಟಿಯಲ್ಲಿ ಒಂದು ಜ್ವರಕ್ಕೂ ಜಾಗವಿರುವುದಿಲ್ಲ. ಆರು ಗಂಟೆಯ ಪಟ್ಟಿ ಮಾಡಿ, ವಾರಕ್ಕೊಂದು ದಿನ ಖಾಲಿ ಬಿಡಿ. ನಾವು ಎರಡನೆಯ ಸಲ ಬಾಡಿಗೆಗೆ ಜಾಗವನ್ನೇ ಹಿಡಿಯಲಿಲ್ಲ. ಮನೆಯ ಹಿತ್ತಲಿನಲ್ಲಿ ಒಲೆ ಹೂಡಿ ಖಡಕ್ ರೊಟ್ಟಿ ಮಾತ್ರ ಮಾಡಿ, ಮೂರು ಅಂಗಡಿಗಳಿಗೆ ಕೊಟ್ಟು, ಉದ್ರಿ ಇಲ್ಲವೆಂದು ಮೊದಲ ದಿನವೇ ಹೇಳಿ, ಒಂದು ರೊಟ್ಟಿಗೆ ಬೀಳುವ ಖರ್ಚನ್ನು ಪ್ರತಿ ಭಾನುವಾರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಮೂರು ತಿಂಗಳು ನೋಡೋಣ, ನಷ್ಟ ಇಂತಿಷ್ಟು ದಾಟಿದರೆ ನಿಲ್ಲಿಸೋಣ ಎಂದು ಆರಂಭದಲ್ಲಿಯೇ ಗೆರೆ ಎಳೆದುಕೊಂಡಿದ್ದೆವು.

ಆ ಗೆರೆಯೂ ಬೇಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಆರು ಅವಕಾಶಗಳೆಂದು ನಿಯಮವೇ ಇದೆ. ವ್ಯಾಪಾರಕ್ಕೂ ಕಲೆಗೂ ಅಂಥ ನಿಯಮ ಮಾಡುವವರಿಲ್ಲ, ಆದ್ದರಿಂದ ಮನಸ್ಸು ತಿಳಿಯಾಗಿರುವಾಗ ನಾವೇ ಮಾಡಿಕೊಳ್ಳಬೇಕು. ಕಲಿತು ನಿಲ್ಲಿಸುವುದೂ ಕಲಿಕೆಯ ಒಳಗಿನದೇ.

ಉತ್ಸಾಹ ಬರುವ ಹೊತ್ತು

ಉತ್ಸಾಹ ಬಂದ ಮೇಲೆ ಕೆಲಸ ಶುರುಮಾಡುತ್ತೇನೆ ಎಂದು ಕಾದದ್ದರಲ್ಲಿ ನನ್ನ ಒಂದು ವರ್ಷ ಹೋಯಿತು. ನಾಳೆ ಬೆಳಿಗ್ಗೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಯಾವುದೆಂದು ರಾತ್ರಿಯೇ ಬರೆದಿಟ್ಟಾಗ ಉತ್ಸಾಹ ತಾನಾಗಿ ಹಿಂದೆ ಬಂತು. ಸಂತೋಷದ ವಿಷಯವೂ ಹಾಗೆಯೇ. ರೊಟ್ಟಿಯ ವ್ಯಾಪಾರದಲ್ಲಿ ಲಾಭ ಕಂಡ ದಿನ ನನಗೆ ಸಂತೋಷವಾದದ್ದು ನಿಜ, ಆದರೆ ಅದಕ್ಕಿಂತ ದೊಡ್ಡ ಸಂತೋಷ ಗೋಣಿಚೀಲ ಬಿಚ್ಚಿ ನವೆಂಬರ್ ತಿಂಗಳಿಗೆ ಗುರುತು ಹಾಕಿದ ರಾತ್ರಿಯದು. ಎದುರಿನ ಹೋಟೆಲಿನವರ ಮೇಲಿನ ಸಿಟ್ಟು ಅಂದೇ ಹೋಯಿತು, ಮಾವನ ಮೇಲೆ ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದ ಅಸಮಾಧಾನವೂ ಹೋಯಿತು.

ಮನೆಯ ಹಿರಿಯರಿಗೆ ಒಂದು ಮಾತು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಾರಾಟ ವಿಫಲವಾದಾಗ ಇಸ್ರೊ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಹೊಣೆ ಹೊತ್ತು ನಿಂತರು. 1980ರ ಜುಲೈ 18ರಂದು ಅದು ಯಶಸ್ವಿಯಾದಾಗ ಪತ್ರಕರ್ತರೊಡನೆ ಮಾತನಾಡುವಂತೆ ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳುಹಿಸಿದರು. ಕಲಾಂ ಇದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ನಪಾಸಾದ ಮಗ ಅಥವಾ ಮಗಳ ಪರವಾಗಿ ನೆಂಟರಿಗೆ ಉತ್ತರ ಕೊಡುವ ಕೆಲಸವನ್ನು ಆ ಒಂದು ತಿಂಗಳು ನೀವು ವಹಿಸಿಕೊಳ್ಳಿ.

ನಿಮ್ಮದೇ ಉತ್ತರವನ್ನೂ ಸಿದ್ಧವಾಗಿಟ್ಟುಕೊಳ್ಳಿ, ಯಾಕೆಂದರೆ ಮುಂದಿನ ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರು ವಾಕ್ಯ ಸಾಕು: ಏನಾಯಿತು, ಎಲ್ಲಿ ತಪ್ಪಿತು, ಈಗೇನು ಮಾಡುತ್ತಿದ್ದೇನೆ. "ಖಾನಾವಳಿ ಮುಚ್ಚಿದೆವು. ಖರ್ಚಿನ ಲೆಕ್ಕ ಹಾಕದೆ ಗಿರಾಕಿಗಳನ್ನು ಹೆಚ್ಚಿಸಿದ್ದೆ. ಈಗ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದೇನೆ." ಇದನ್ನು ತಗ್ಗಿದ ದನಿಯಲ್ಲಿ ಹೇಳಬೇಕಾಗಿಲ್ಲ. ಇಷ್ಟು ಹೇಳಿದ ಮೇಲೆ ಕೇಳುವವರು ಸಾಮಾನ್ಯವಾಗಿ ಹಳೆಯದನ್ನು ಕೆದಕುವುದಿಲ್ಲ, ನೂರು ರೊಟ್ಟಿಗೆ ಎಷ್ಟು ಎಂದು ಕೇಳುತ್ತಾರೆ.